ಎರಡು ಹೆಸರಲ್ಲಿ ಬರೆದ ಲೇಖಕಿ: ತುಮಕೂರು ಜಿಲ್ಲೆಯ ಒಂದು ಪ್ರಕರಣ

ಜಾಸ್ತಿ ಬರೆಯುವವರ ಬಗ್ಗೆ ನಮ್ಮಲ್ಲಿ ಒಂದು ತಾತ್ಸಾರ ಇದೆ. "ಅವರಾ, ತಿಂಗಳಿಗೊಂದು ಕಾದಂಬರಿ ಬರೀತಾರೆ ಬಿಡಿ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಾಗೆ ಮುಗಿಸಿಬಿಟ್ಟ ಒಬ್ಬ ಲೇಖಕಿಯ ಬರಹವನ್ನು ಮತ್ತೆ ಓದುಗರ ಕೈಗೆ ತಲುಪಿಸುವ ಕೆಲಸದಲ್ಲಿ ನಾನೂ ಇದ್ದೆ. ತುಮಕೂರಿನಲ್ಲಿ ಡಿಟಿಪಿ, ಪ್ರೂಫು, ಪುಟವಿನ್ಯಾಸ ಮಾಡುವುದು ನನ್ನ ಕಸುಬು. ಎಲ್ಲೆಲ್ಲಿ ಏನೇನು ತೀರ್ಮಾನ ಮಾಡಿದೆವು, ಅದರಿಂದ ಏನಾಯಿತು ಅಂತ ಬರೆದಿಟ್ಟರೆ ಇದೇ ಸ್ಥಿತಿಯಲ್ಲಿರುವ ಬೇರೆ ಲೇಖಕರಿಗೂ ಅವರ ಮನೆಯವರಿಗೂ ಉಪಯೋಗ ಆದೀತು.

ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ಊರು, ಕಾದಂಬರಿಗಳ ಶೀರ್ಷಿಕೆ, ಪ್ರಕಾಶಕರು ಯಾರು ಅನ್ನುವುದನ್ನು ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ನಮಗೆಲ್ಲ ಮೇಡಂ. ಇಲ್ಲೂ ಹಾಗೇ ಕರೆಯುತ್ತೇನೆ.

ಹಿನ್ನೆಲೆ

ಮೇಡಂ ಊರು ಜಿಲ್ಲೆಯ ಉತ್ತರದ ಕಡೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಅರ್ಧ ತೆಲುಗು. ತಂದೆಗೆ ಕಂಪನಿ ನಾಟಕದ ಹುಚ್ಚು. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ಇದು, ಆ ಹುಚ್ಚು ಇಲ್ಲಿ ಮನೆಮನೆಯಲ್ಲೂ ಇತ್ತು. ನಾಟಕದ ಸಂಭಾಷಣೆ ಕೇಳಿ ಬೆಳೆದ ಹುಡುಗಿ ಗಣಿತ ಓದಿ ಮೇಡಂ ಆದರು, ಸಂಜೆ ಹೊತ್ತು ಕಥೆ ಬರೆಯತೊಡಗಿದರು.

ಆಗ ಕಥೆ ಬರೆಯುವವರಿಗೆ ಜಾಗ ಇತ್ತು. 'ಸುಧಾ' 1965ರಲ್ಲಿ, 'ಮಯೂರ' 1968ರಲ್ಲಿ ಶುರುವಾಗಿದ್ದವು, 1983ರಲ್ಲಿ 'ತರಂಗ' ಬಂತು. ಇವಲ್ಲದೆ ಹತ್ತಾರು ವಾರಪತ್ರಿಕೆ, ಮಾಸಪತ್ರಿಕೆ. ಜೊತೆಗೆ ಎಲ್ಲ ಊರಲ್ಲೂ ದಿನಕ್ಕಿಷ್ಟು ಅಂತ ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳು. ತುಮಕೂರಿನಲ್ಲೇ ಬೀದಿಗೊಂದು ಇತ್ತು. ಹೆಂಗಸರ ಕಾದಂಬರಿ ನಿಜವಾಗಿ ಬದುಕಿದ್ದು ಈ ಅಂಗಡಿಗಳಲ್ಲಿ, ವಿಮರ್ಶಕರ ಮೇಜಿನ ಮೇಲಲ್ಲ.

ಮೇಡಂ ತಮ್ಮ ಸ್ವಂತ ಹೆಸರಿನಲ್ಲಿ ಬರೆದದ್ದು ಮನೆ, ಮದುವೆ, ಅತ್ತೆ ಸೊಸೆ, ಕೆಲಸಕ್ಕೆ ಹೋಗುವ ಹೆಂಗಸರ ಕಾದಂಬರಿ. ಮೊದಲು ಧಾರಾವಾಹಿಯಾಗಿ, ಆಮೇಲೆ ಪುಸ್ತಕವಾಗಿ. ಕೆಲವು ವರ್ಷ ಹೀಗೆ ನಡೆದ ಮೇಲೆ ಬೆಂಗಳೂರಿನ ಒಬ್ಬ ಪ್ರಕಾಶಕರು ಪತ್ತೇದಾರಿ ಕಾದಂಬರಿ ಕೇಳಿದರು. ಅಳತೆ ಖಡಾಖಂಡಿತ: 8 ಫಾರಂ. ಒಂದು ಫಾರಂ ಅಂದರೆ 16 ಪುಟ, ಒಟ್ಟು 128. ಕೊಲೆಗಾರ ಸಿಗುವುದೂ ಅಷ್ಟರೊಳಗೇ ಆಗಬೇಕು. ಇನ್ನೊಂದು ಷರತ್ತು, ಹೆಂಗಸಿನ ಹೆಸರು ಮುಖಪುಟದ ಮೇಲೆ ಇರಬಾರದು, ಇದ್ದರೆ ಪತ್ತೇದಾರಿ ಓಡುವುದಿಲ್ಲ. ಒಂದು ಗಂಡಸಿನ ಹೆಸರನ್ನು ಅವರೇ ಇಟ್ಟರು. ಮೇಡಂ ಒಪ್ಪಿದರು.  ದೆವ್ವದ ಕಥೆ, ಮಕ್ಕಳ ಕಥೆ, ಒಂದೆರಡು ವೈಜ್ಞಾನಿಕ ಕಾದಂಬರಿ ಮತ್ತೆ ಸ್ವಂತ ಹೆಸರಿನಲ್ಲಿ.

ಅವರು ಕೆಲಸ ಮಾಡುತ್ತಿದ್ದ ರೀತಿ ಹಸ್ತಪ್ರತಿ ನೋಡಿದರೆ ಗೊತ್ತಾಗುತ್ತದೆ. ಮನೆಯ ಕಾದಂಬರಿ ಬರೆದ ಹಾಳೆಗಳಲ್ಲಿ ಅಂಚು ಖಾಲಿ. ಕೊನೆ ಏನಾಗುತ್ತದೆ ಅಂತ ಬರೆಯುವಾಗ ಅವರಿಗೇ ಗೊತ್ತಿರುತ್ತಿರಲಿಲ್ಲವಂತೆ. ಪತ್ತೇದಾರಿಯ ಫುಲ್‌ಸ್ಕೇಪ್ ಹಾಳೆಯ ಎಡಗಡೆ ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಪುಟ್ಟ ಕೋಷ್ಟಕ ಇರುತ್ತದೆ. ಮೇಲಿನ ಸಾಲಿನಲ್ಲಿ ಗಂಟೆ, ಕೆಳಗೆ ಪಾತ್ರಗಳ ಮೊದಲ ಅಕ್ಷರ, ಯಾರು ಎಲ್ಲಿದ್ದರು, ಯಾವ ಬಸ್ಸು ಎಷ್ಟು ಹೊತ್ತಿಗೆ ಸಿರಾ ಬಿಟ್ಟಿತು, ಟ್ರಂಕ್ ಕಾಲ್ ಸಿಗಲು ಎಷ್ಟು ತಡವಾಯಿತು. ಕೊನೆಯ ಅಧ್ಯಾಯವನ್ನು ಮೊದಲು ಬರೆದು ಆಮೇಲೆ ಹಿಂದಕ್ಕೆ ಬರುತ್ತಿದ್ದರು. ಒಂದು ಸಲ ಹಸ್ತಪ್ರತಿ ಅಂಚೆಯಲ್ಲಿ ಕಳೆದುಹೋದದ್ದರಿಂದ ಆಮೇಲಿನ ಪತ್ತೇದಾರಿ ಕಾದಂಬರಿಗಳಿಗೆಲ್ಲ ಕಾರ್ಬನ್ ಇಟ್ಟು ಬರೆದರು. ಮನೆಯ ಕಾದಂಬರಿಗೆ ಇಡಲಿಲ್ಲ. ಈ ವ್ಯತ್ಯಾಸ ಮುಂದೆ ತುಂಬ ಕೆಲಸಕ್ಕೆ ಬಂತು.

1990ರ ದಶಕದ ಕೊನೆಗೆ ಎಲ್ಲ ಸಡಿಲವಾಯಿತು. ಮಧ್ಯಾಹ್ನದ ಹೊತ್ತು ಟಿವಿ ಧಾರಾವಾಹಿಗೆ ಹೋಯಿತು, ಬಾಡಿಗೆ ಲೈಬ್ರರಿಗಳು ಮುಚ್ಚಿದವು, ಪತ್ರಿಕೆಗಳು ಕಾದಂಬರಿಗೆ ಕೊಡುತ್ತಿದ್ದ ಪುಟ ಕಡಿಮೆ ಮಾಡಿದವು. ಪ್ರಕಾಶಕರಲ್ಲಿ ಕೆಲವರು ತೀರಿಕೊಂಡರು, ಕೆಲವರು ಗೈಡು ಹಾಕಲು ಹೋದರು. ಮೇಡಂ ನಿವೃತ್ತರಾದರು. ಕೆಲವು ವರ್ಷ ಏನೂ ಬರೆಯಲಿಲ್ಲ.

ಸಿಕ್ಕು ಎಲ್ಲಿತ್ತು

ನಾವು ಕೂತು ಲೆಕ್ಕ ಹಾಕುವ ಹೊತ್ತಿಗೆ ನೂರರ ಹತ್ತಿರ ಕಾದಂಬರಿ ಇದ್ದವು. ಅಂಗಡಿಯಲ್ಲಿ ಸಿಗುತ್ತಿದ್ದವು ಬೆರಳೆಣಿಕೆಯಷ್ಟು. ಯಾವ ಕಾದಂಬರಿಯ ಹಕ್ಕು ಯಾರದು ಅಂತ ಅವರಿಗೇ ಗೊತ್ತಿರಲಿಲ್ಲ. ಅರ್ಧಕ್ಕರ್ಧ ಪುಸ್ತಕಗಳ ಒಂದು ಪ್ರತಿಯೂ ಮನೆಯಲ್ಲಿ ಇರಲಿಲ್ಲ, ಗೌರವ ಪ್ರತಿಗಳನ್ನೆಲ್ಲ ನೆಂಟರು, ಸಹೋದ್ಯೋಗಿಗಳು ಓದಲು ಒಯ್ದಿದ್ದರು. ಪತ್ತೇದಾರಿ ಬರೆದದ್ದು ಇವರೇ ಅಂತ ಮನೆಯವರು ಮತ್ತು ಆ ಪ್ರಕಾಶಕರನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

ಸಂಬಳ ಇದ್ದದ್ದೂ ಇದಕ್ಕೆ ಒಂದು ಕಾರಣ. ತಿಂಗಳಾದರೆ ಸಂಬಳ ಬರುತ್ತಿತ್ತು, ಆದ್ದರಿಂದ ಕಾದಂಬರಿಗೆ ಬಂದದ್ದನ್ನು ಅವರು ಮೇಲುಸಂಪಾದನೆ ಅಂತ ನೋಡಿದರು. ಕೊಟ್ಟಷ್ಟು ತೆಗೆದುಕೊಂಡರು, ಸಹಿ ಹಾಕು ಅಂದ ಕಡೆ ಹಾಕಿದರು. ಬರವಣಿಗೆಯಿಂದಲೇ ಹೊಟ್ಟೆ ಹೊರೆದವರು ಇದಕ್ಕಿಂತ ಹುಷಾರಾಗಿದ್ದದ್ದನ್ನು ನೋಡಿದ್ದೇನೆ.

ಮೊದಲು ಮಾಡಿ ನೋಡಿದ್ದು

ಅವರ ಮನೆಯವರು ನಮ್ಮನ್ನು ಕೇಳುವ ಮೊದಲೇ ಎರಡು ಪ್ರಯತ್ನ ಮಾಡಿದ್ದರು.

ಒಂದು, ಅಳಿಯ ಒಂದು ಹಳೆಯ ಕಾದಂಬರಿಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಕಥೆಗಳ ಆ್ಯಪ್ ಒಂದಕ್ಕೆ ಹಾಕಿದರು. ಸ್ವಲ್ಪ ದಿನಕ್ಕೆ ಹಳೆಯ ಪ್ರಕಾಶಕರ ಮಗನಿಂದ ಫೋನು. "ಹಕ್ಕು ನಮ್ಮದು, ನಮ್ಮ ತಂದೆ ದುಡ್ಡು ಕೊಟ್ಟು ತಗೊಂಡಿದ್ದಾರೆ." ಹೆದರಿ ತೆಗೆದುಬಿಟ್ಟರು. ಅವರ ಮಾತು ನಿಜವೋ ಅಲ್ಲವೋ ಅಂತ ಯಾರೂ ವಿಚಾರಿಸಲಿಲ್ಲ.

ಎರಡನೆಯದು ಸಮಗ್ರ ಸಂಪುಟ. ಊರಿನ ಹಿತೈಷಿಗಳು ಸೇರಿ ಮೊದಲ ಸಂಪುಟ ತಂದರು. ದಪ್ಪ ಪುಸ್ತಕ, ಒಳ್ಳೆ ರಟ್ಟು, ಸನ್ಮಾನ, ಶಾಲು, ಎಲ್ಲ ಆಯಿತು. ಒಳಗೆ ಎರಡು ಮನೆಯ ಕಾದಂಬರಿ, ಒಂದು ದೆವ್ವದ್ದು, ಒಂದು ವೈಜ್ಞಾನಿಕ, ಹಿಂದೆ ಒಂದಷ್ಟು ಮಕ್ಕಳ ಕಥೆ. ಸಮಾರಂಭದ ದಿನ ಹೋದಷ್ಟೇ ಹೋದವು, ಉಳಿದ ಪ್ರತಿಗಳು ಕಟ್ಟು ಬಿಚ್ಚದೆ ಉಳಿದವು. ಕಾರಣ ಸರಳ. ಮನೆಯ ಕಾದಂಬರಿ ಓದುವ ಹೆಂಗಸಿಗೆ ದೆವ್ವ ಬೇಡ. ದೆವ್ವ ಓದುವ ಹುಡುಗನಿಗೆ ಸೊಸೆಯ ಕಣ್ಣೀರು ಬೇಡ. ಎಲ್ಲವನ್ನೂ ಬರೆದದ್ದು ಒಬ್ಬರೇ ಅನ್ನೋದು ಲೇಖಕರಿಗೆ, ಅವರ ಅಭಿಮಾನಿಗಳಿಗೆ ದೊಡ್ಡ ವಿಷಯ, ಆದರೆ ದುಡ್ಡು ಕೊಟ್ಟು ಓದುವವರು ತಮಗೆ ಬೇಕಾದ ಬಗೆಯ ಕಥೆಯನ್ನು ಹುಡುಕಿಕೊಂಡು ಬರುತ್ತಾರೆ. ಬೇರೆ ಬೇರೆ ಬಗೆ ಬರೆದವರ ಸಮಗ್ರ ಸಂಪುಟವನ್ನು ಮೊದಲು ತರಬೇಡಿ ಅಂತ ನಾನು ಈಗ ಯಾರು ಬಂದರೂ ಹೇಳುತ್ತೇನೆ.

ಪಟ್ಟಿ ಮತ್ತು ಮೂರು ಗುಂಪು

ನಮ್ಮ ಕೆಲಸ ಶುರುವಾದದ್ದು ಒಂದು ಉದ್ದ ನೋಟ್‌ಬುಕ್ಕಿನಿಂದ. ಒಂದು ಕಾದಂಬರಿಗೆ ಒಂದು ಸಾಲು. ಯಾವ ಬಗೆ, ಯಾವ ಹೆಸರಲ್ಲಿ, ಯಾವ ಪತ್ರಿಕೆಯಲ್ಲಿ ಬಂತು, ಪುಸ್ತಕ ಯಾರು ಹಾಕಿದರು, ವರ್ಷ, ಎಷ್ಟು ಕೊಟ್ಟರು, ಕಾಗದ ಇದೆಯಾ. ಕೊನೆಯ ಕಾಲಂ ತುಂಬಲು ತುಂಬ ದಿನ ಹಿಡಿಯಿತು.

ಮನೆಯಲ್ಲಿ ಸಿಕ್ಕಿದ್ದು ಮುಖ್ಯವಾಗಿ ಮನಿಯಾರ್ಡರ್ ಕೂಪನ್ನುಗಳು. ಫಾರಂನ ಕೆಳಗಡೆ ಹರಿದು ಕೊಡುತ್ತಿದ್ದರಲ್ಲ, ಆ ಚೀಟಿ. ಅದರ ಮೇಲೆ ಪ್ರಕಾಶಕರ ಕೈಬರಹದಲ್ಲಿ "ಕಾದಂಬರಿ ಬಾಬ್ತು ಪೂರ್ತಿ ಸಂದಾಯ" ಅಂತ ಒಂದು ಸಾಲು. ಮನೆಯವರೆಲ್ಲ ಇದನ್ನೇ ಹಕ್ಕು ಮಾರಿದ್ದಕ್ಕೆ ಪುರಾವೆ ಅಂದುಕೊಂಡಿದ್ದರು. ತುಮಕೂರಿನ ಒಬ್ಬ ವಕೀಲರಿಗೆ ತೋರಿಸಿದೆವು. ಅವರು ಕೂಪನ್ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಲೇಖಕಿ ಸಹಿ ಎಲ್ಲಿದೆ?"

ಈ ಪ್ರಕರಣ ತಿರುಗಿದ್ದು ಅಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಬರೆದುಕೊಡುವುದು ಕಾಗದದ ಮೇಲೆ ಇರಬೇಕು, ಕೊಡುವವರ ಸಹಿ ಅದರಲ್ಲಿ ಇರಬೇಕು. ದುಡ್ಡು ಕಳಿಸಿದವರು ಚೀಟಿಯಲ್ಲಿ ಏನು ಬರೆದರೂ ಹಕ್ಕು ಹೋಗುವುದಿಲ್ಲ. ಪತ್ರಿಕೆಯಲ್ಲಿ ಧಾರಾವಾಹಿ ಬಂದ ಮಾತ್ರಕ್ಕೆ ಹೊರಗಿನ ಲೇಖಕರ ಕೃತಿಸ್ವಾಮ್ಯ ಪತ್ರಿಕೆಗೆ ಸೇರುವುದಿಲ್ಲ, ಹಾಗೆ ಬೇರೆ ಬರೆದುಕೊಟ್ಟಿದ್ದರೆ ಮಾತು ಬೇರೆ.

ಅದೇ ಕಲಮಿನಲ್ಲಿ ಇನ್ನೊಂದು ವಿಷಯ ಇದೆ. ಬರೆದುಕೊಟ್ಟ ಪತ್ರದಲ್ಲಿ ಎಷ್ಟು ವರ್ಷ ಅಂತ ಇಲ್ಲದಿದ್ದರೆ ಅದು 5 ವರ್ಷಕ್ಕೆ ಮಾತ್ರ ಅಂತ ಲೆಕ್ಕ. ಆದರೆ ಈ ಅನುಕೂಲ 1994ರ ತಿದ್ದುಪಡಿಯದು, ಜಾರಿಗೆ ಬಂದದ್ದು 1995ರ ಮೇ 10ರಿಂದ, ಅದಕ್ಕಿಂತ ಮೊದಲು ಮಾಡಿದ ಪತ್ರಗಳಿಗೆ ಅನ್ವಯಿಸುವುದಿಲ್ಲ. ಈ ಕೊನೆಯ ಮಾತನ್ನು ಬಹಳ ಜನ ಮರೆಯುತ್ತಾರೆ. 5 ವರ್ಷ ಆಯ್ತಲ್ಲ, ಹಕ್ಕು ವಾಪಸ್ಸು ಬಂತು ಅಂತ 1980ರ ದಶಕದ ಪುಸ್ತಕವನ್ನೂ ಅಚ್ಚು ಹಾಕಿಬಿಡುತ್ತಾರೆ.

ಹಾಗಾಗಿ ಪಟ್ಟಿಯನ್ನು ಮೂರು ಗುಂಪು ಮಾಡಿದೆವು. ಮೇಡಂ ಸಹಿ ಇರುವ ಕಾಗದ ಎಲ್ಲೂ ಇಲ್ಲದವು ಮೊದಲ ಗುಂಪು. 1995ರ ಮೇ 10ರ ನಂತರ ಸಹಿ ಹಾಕಿದ, ಆದರೆ ಅವಧಿ ಬರೆಯದವು ಎರಡನೆಯದು. ಅದಕ್ಕೂ ಹಿಂದೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿದವು, ಇಲ್ಲಾ "ಶಾಶ್ವತವಾಗಿ" ಅನ್ನುವ ಪದ ಇದ್ದವು ಮೂರನೆಯದು. ಮೊದಲ ಎರಡು ಗುಂಪಿಗೇ ಪಟ್ಟಿಯ ದೊಡ್ಡ ಪಾಲು ಸೇರಿತು. ಅಳಿಯನಿಗೆ ಫೋನು ಮಾಡಿ ಹೆದರಿಸಿದ್ದರಲ್ಲ, ಆ ಕಾದಂಬರಿ ಮೊದಲ ಗುಂಪಿನಲ್ಲೇ ಇತ್ತು. ಹಕ್ಕಿನ ಪತ್ರ ತೋರಿಸಿ ಅಂತ ಕೇಳಿದಾಗ ಅವರ ಹತ್ತಿರ ಏನೂ ಇರಲಿಲ್ಲ.

ಮೂರನೇ ಗುಂಪಿಗೆ ಏನು ಮಾಡುವುದು? ಅಳಿಯ ಲಾಯರ್ ನೋಟೀಸು ಕಳಿಸೋಣ ಅಂದರು. ಮೇಡಂ ಒಪ್ಪಲಿಲ್ಲ. "ನೋಟೀಸು ಗೀಟೀಸು ಬೇಡ. ನನ್ನ ಮೊದಲ್ನೇ ಪುಸ್ತಕ ಹಾಕ್ದೋರು ಅವ್ರು. ಮನೆಗೇ ಹೋಗಿ ಕೇಳೋಣ." ಆ ವಯಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಮೆಟ್ಟಿಲು ಹತ್ತಿ, ತಾವೇ ಕೇಳಿದರು. ಅದು ಸರಿಯಾದ ದಾರಿಯಾಗಿತ್ತು ಅಂತ ನನಗೆ ಖಾತ್ರಿ ಇದೆ. ಹಿರಿಯ ಪ್ರಕಾಶಕರೊಬ್ಬರು ಕಾಫಿ ಮುಗಿಯುವುದರೊಳಗೆ ಲೆಟರ್‌ಹೆಡ್ಡಿನಲ್ಲಿ ಹಕ್ಕು ಮರಳಿಸಿ ಬರೆದುಕೊಟ್ಟರು. ಇನ್ನೊಬ್ಬರ ಮಗ ದುಡ್ಡು ಕೇಳಿದರು. ಅವರ ಹತ್ತಿರ ಇದ್ದವುಗಳಲ್ಲಿ ಪತ್ತೇದಾರಿಗಳಿಗೆ ಮಾತ್ರ ಕೊಟ್ಟು ಬಿಡಿಸಿಕೊಂಡೆವು, ಉಳಿದದ್ದನ್ನು ಬಿಟ್ಟೆವು. ಎಲ್ಲವನ್ನೂ ಬಿಡಿಸಿಕೊಳ್ಳಬೇಕು ಅನ್ನುವ ಹಟ ಇದ್ದಿದ್ದರೆ ಪೆನ್ಷನ್ ದುಡ್ಡು ಅಲ್ಲೇ ಮುಗಿಯುತ್ತಿತ್ತು. ಮೂರನೆಯವರು ತೀರಿಕೊಂಡಿದ್ದರು, ವಾರಸುದಾರರು ಮೂವರು, ಒಬ್ಬರಿಗೊಬ್ಬರಿಗೆ ಮಾತಿಲ್ಲ.

ಪುಸ್ತಕ ಹುಡುಕುವುದು, ಪಠ್ಯ ಕಟ್ಟುವುದು

ಹಕ್ಕು ಬಂದರೂ ಪುಸ್ತಕ ಬೇಕಲ್ಲ. ತುಮಕೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯ, ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು, ಎಲ್ಲ ಕಡೆ ಸುತ್ತಿದೆವು. ಹೆಚ್ಚು ಸಿಕ್ಕಿದ್ದು ಮುಚ್ಚಿಹೋದ ಒಂದು ಬಾಡಿಗೆ ಲೈಬ್ರರಿಯವರ ಮನೆಯ ಅಟ್ಟದಲ್ಲಿ. ಗೋಣಿಚೀಲಗಳಲ್ಲಿ ತುಂಬಿ ಇಟ್ಟಿದ್ದರು. ಒಳಪುಟದಲ್ಲಿ ಸೀಲು, ಬೆನ್ನಿಗೆ ಕಂದು ಕಾಗದ, ಅಂಚಿನಲ್ಲಿ ಓದುಗರು ಪೆನ್ನಿನಲ್ಲಿ ಬರೆದ ಜಗಳಗಳು. ಮುಂದೆ ಓದುವವರಿಗೆ ಇರಲಿ ಅಂತ ಕೊಲೆಗಾರನ ಹೆಸರನ್ನು ಹತ್ತನೇ ಪುಟದಲ್ಲೇ ಬರೆದ ಪುಣ್ಯಾತ್ಮರೂ ಇದ್ದರು.

ಒಂದು ಪತ್ತೇದಾರಿಯ ಕೊನೆಯ ಫಾರಂ ಪೂರ್ತಿ ಇರಲಿಲ್ಲ. ಬೇರೆ ಪ್ರತಿ ಎಲ್ಲೂ ಸಿಗಲಿಲ್ಲ. ಕಾರ್ಬನ್ ಪ್ರತಿ ತೆಗೆದರೆ ಅದರಲ್ಲೂ ಕೊನೆಯ ಹಾಳೆಗಳನ್ನು ಗೆದ್ದಲು ತಿಂದಿತ್ತು. ನೆನಪಿನಿಂದ ಬರೆದುಬಿಡಿ ಅಂದೆವು. ಮೇಡಂ ಬೇಡ ಅಂದರು. ಉಳಿದ ಹಾಳೆಗಳ ಅಂಚಿನಲ್ಲಿದ್ದ ಗಂಟೆಯ ಕೋಷ್ಟಕವನ್ನೆಲ್ಲ ಒಂದು ದೊಡ್ಡ ಹಾಳೆಗೆ ಇಳಿಸಿಕೊಂಡು, ಯಾರು ಎಲ್ಲಿದ್ದರು ಅಂತ ಒಂದೊಂದೇ ಹೊಡೆದುಹಾಕುತ್ತಾ, ತಮ್ಮದೇ ಕಾದಂಬರಿಯ ಕೊಲೆಗಾರನನ್ನು ಹೊಸದಾಗಿ ಕಂಡುಹಿಡಿದರು. ಆಮೇಲೆ ಆ 16 ಪುಟ ಬರೆದರು. ಹಲವು ವರ್ಷಗಳ ನಂತರ ಅವರು ಬರೆದ ಮೊದಲ ಕಥೆಯ ಪುಟಗಳು ಅವು. ಅಲ್ಲಿಂದ ಅವರ ಮಾತಿನ ಧಾಟಿಯೇ ಬದಲಾಯಿತು. ಅದುವರೆಗೆ ಹಳೆಯದನ್ನು ಉಳಿಸುವ ಬಗ್ಗೆ ಮಾತಾಡುತ್ತಿದ್ದವರು ಮುಂದೆ ಏನು ಬರೆಯಬಹುದು ಅಂತ ಕೇಳತೊಡಗಿದರು.

ಟೈಪಿಂಗ್ ಬಗ್ಗೆ ಒಂದು ಮಾತು. ಅಚ್ಚುಮೊಳೆ ಜೋಡಿಸಿ ಹಾಕಿದ ಹಳೆಯ ಪುಸ್ತಕಗಳನ್ನು, ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶವಾದ ಓಸಿಆರ್‌ಗೆ ಕೊಟ್ಟು ನೋಡಿದೆವು. ಮೊಳೆ ಸವೆದ ಕಡೆ ಒತ್ತಕ್ಷರವೆಲ್ಲ ಕಲಸಿಹೋಗುತ್ತಿತ್ತು, ತಿದ್ದುವ ಹೊತ್ತಿಗೆ ಹೊಸದಾಗಿ ಟೈಪ್ ಮಾಡುವುದೇ ಬೇಗ. ನಮ್ಮ ಅಂಗಡಿಯ ಹುಡುಗಿ ಟೈಪ್ ಮಾಡಿದಳು. 2000ದ ನಂತರದ ಕೆಲವು 'ನುಡಿ' ತಂತ್ರಾಂಶದ ಫೈಲುಗಳಾಗಿ ಸಿಕ್ಕವು, ಅವನ್ನು ಯೂನಿಕೋಡಿಗೆ ತಿರುಗಿಸಿದೆವು, ಅರ್ಕಾವತ್ತು ಜಾಗ ತಪ್ಪಿದ್ದನ್ನು ಮಾತ್ರ ಕೈಯಲ್ಲೇ ಸರಿಮಾಡಬೇಕಾಯಿತು. ಧಾರಾವಾಹಿಯಿಂದ ನೇರ ಪುಸ್ತಕ ಮಾಡಿದ್ದ ಕಡೆ ಪ್ರತಿ ಅಧ್ಯಾಯದ ಮೊದಲಲ್ಲಿ ಹಿಂದಿನ ವಾರದ ಕಥೆ ಮತ್ತೆ ಬರುತ್ತಿತ್ತು, ಅವನ್ನು ಮೇಡಂ ತಾವೇ ಕತ್ತರಿಸಿದರು.

ತಿದ್ದುವುದು ಎಷ್ಟು ಅನ್ನುವುದರ ಮೇಲೆ ಜಾಸ್ತಿ ಚರ್ಚೆ ಆಯಿತು. ಪತ್ತೇದಾರಿಯಲ್ಲಿ ಮೊಬೈಲ್ ತರೋಣ ಅಂತ ಒಬ್ಬರು ಹೇಳಿದರು. ತಂದರೆ ಕಥೆಯೇ ಬಿದ್ದುಹೋಗುತ್ತದೆ, ಟ್ರಂಕ್ ಕಾಲ್ ಸಿಗದ ಅರ್ಧ ಗಂಟೆಯಲ್ಲೇ ಕೊಲೆ ಆಗಿರುವುದು. ಹಾಗೇ ಬಿಟ್ಟು, ಮೊದಲ ಪುಟದಲ್ಲಿ ಬರೆದ ವರ್ಷ ಹಾಕಿದೆವು. ಮನೆಯ ಕಾದಂಬರಿಗಳದ್ದು ಬೇರೆ ಕಥೆ. ಎರಡರಲ್ಲಿ ನಾಯಕ ಹೆಂಡತಿಗೆ ಕೆನ್ನೆಗೆ ಹೊಡೆಯುತ್ತಾನೆ, ಅವಳು ಅದರಲ್ಲೇ ಪ್ರೀತಿ ಕಾಣುತ್ತಾಳೆ. ಹಳೆಯ ಕಾಲದ ಬರಹ, ಇರಲಿ ಬಿಡಿ ಅಂತ ಕೆಲವರು ಅಂದರು. ಮೇಡಂ ಹೇಳಿದ್ದು ಇಷ್ಟು: "ನನ್ನ ಸ್ಕೂಲಿನ ಹೆಣ್ಣುಮಕ್ಕಳು ಇದನ್ನ ಓದಿ ಬೆಳೆದ್ರು. ಮತ್ತೆ ನನ್ನ ಕೈಯಲ್ಲಿ ಅಚ್ಚಾಗೋದು ಬೇಡ." ಆ ಪ್ರಸಂಗಗಳನ್ನು ಹೊಸದಾಗಿ ಬರೆದರು, ಪರಿಷ್ಕೃತ ಆವೃತ್ತಿ ಅಂತ ಸ್ಪಷ್ಟವಾಗಿ ನಮೂದಿಸಿದೆವು. ಬದುಕಿರುವ ಲೇಖಕರಿಗೆ ಈ ಅಧಿಕಾರ ಇದೆ, ಅದನ್ನು ಮುಚ್ಚಿಡದೆ ಬಳಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೆಸರಿನ ತೀರ್ಮಾನ

ಎಲ್ಲಕ್ಕಿಂತ ಕಷ್ಟವಾದದ್ದು ಇದು. ಪತ್ತೇದಾರಿಗಳನ್ನು ಯಾರ ಹೆಸರಲ್ಲಿ ತರುವುದು?

ಗಂಡಸಿನ ಹೆಸರಲ್ಲೇ ಬಿಟ್ಟರೆ ಹಳೆಯ ಓದುಗರು ಗುರುತು ಹಿಡಿಯುತ್ತಾರೆ. ಆದರೆ ಬರೆದವರಿಗೆ ಅದರ ಗೌರವ ಸಿಗುವುದಿಲ್ಲ. ಮೇಡಂ ಹೆಸರಿಗೇ ಬದಲಿಸಿದರೆ ಮನೆಯ ಕಾದಂಬರಿ ಅಂತ ತೆಗೆದುಕೊಂಡವರಿಗೆ ಹೆಣ ಸಿಗುತ್ತದೆ. ಮೇಡಂ ಅಳುಕು ಬೇರೆಯೇ ಇತ್ತು. ಪಾಠ ಹೇಳಿದ ಮಕ್ಕಳು, ಜೊತೆಗೆ ಕೆಲಸ ಮಾಡಿದವರು ಏನಂದುಕೊಳ್ಳುತ್ತಾರೋ, ಇಷ್ಟು ವರ್ಷ ಮುಚ್ಚಿಟ್ಟದ್ದು ಸುಳ್ಳು ಹೇಳಿದ ಹಾಗೆ ಕಾಣುತ್ತದೋ ಏನೋ ಅಂತ.

ವಕೀಲರು ಇಲ್ಲೂ ಒಂದು ಉಪಯೋಗದ ಮಾತು ಹೇಳಿದರು. ಸ್ವಂತ ಹೆಸರಿನ ಕೃತಿಗೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಬೇರೆ ಹೆಸರಲ್ಲಿ ಬಂದ, ಬರೆದವರು ಯಾರೆಂದು ಹೊರಗೆ ಗೊತ್ತಿಲ್ಲದ ಕೃತಿಗೆ ಪ್ರಕಟವಾದ ಮುಂದಿನ ವರ್ಷದಿಂದಲೇ ಆ 60 ವರ್ಷ ಎಣಿಕೆಯಾಗುತ್ತದೆ. ಆ ಅವಧಿ ಮುಗಿಯುವ ಮೊದಲು ಗುರುತು ಬಹಿರಂಗವಾದರೆ ಅದಕ್ಕೂ ಸ್ವಂತ ಹೆಸರಿನ ಲೆಕ್ಕವೇ. ಅಂದರೆ ಸುಮ್ನೆ ಇದ್ದರೆ ಮೊಮ್ಮಕ್ಕಳ ಪಾಲಿನ ವರ್ಷಗಳು ಕಳೆಯುತ್ತಿದ್ದವು. ಇದನ್ನು ಕೇಳಿದ ಮೇಲೆ ಮೇಡಂ ಮನಸ್ಸು ಗಟ್ಟಿ ಮಾಡಿದರು.

ಕೊನೆಗೆ ಮುಖಪುಟದಲ್ಲಿ ಹಳೆಯ ಗಂಡಸಿನ ಹೆಸರನ್ನೇ ಉಳಿಸಿ, ಬೆನ್ನುಡಿಯಲ್ಲಿ ಮೇಡಂ ಹೆಸರು, ಫೋಟೊ, ಎರಡೂ ಒಬ್ಬರೇ ಅನ್ನುವ ನಾಲ್ಕು ಸಾಲು, ಒಳಗೆ ಹಕ್ಕಿನ ಸಾಲಿನಲ್ಲಿ ಅವರ ಹೆಸರು ಹಾಕಿದೆವು. ಓದುಗರಿಗೆ ತಾವು ಕೊಳ್ಳುತ್ತಿರುವುದು ಯಾವ ಬಗೆ ಅಂತ ತಿಳಿಯುತ್ತದೆ, ಬರೆದವರು ಯಾರು ಅಂತಲೂ ತಿಳಿಯುತ್ತದೆ.

ಬಿಡುಗಡೆಯ ದಿನ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಬಂದಿದ್ದರು. ಪಾವಗಡದ ಕಡೆ ನೈಟ್ ಹಾಲ್ಟ್ ಮಾಡುತ್ತಿದ್ದ ಕಾಲದಲ್ಲಿ ಆ ಪತ್ತೇದಾರಿಗಳನ್ನೆಲ್ಲ ಓದಿದ್ದವರು. ಬರೆದವರು ಯಾರೋ ರಿಟೈರ್ಡ್ ಇನ್ಸ್‌ಪೆಕ್ಟರ್ ಇರಬೇಕು ಅಂದುಕೊಂಡಿದ್ದೆ, ಬಸ್ಸಿನ ಟೈಮೆಲ್ಲ ಅಷ್ಟು ಕರೆಕ್ಟು ಅಂದರು. ಮೇಡಂಗೆ ಬಂದ ಹೊಗಳಿಕೆಯಲ್ಲಿ ಅವರು ಇಂದಿಗೂ ನೆನಸಿಕೊಳ್ಳುವುದು ಇದನ್ನೇ. ಅವರ ಅಳುಕಿನ ಹಾಗೆ ಯಾರೂ ಆಡಿಕೊಳ್ಳಲಿಲ್ಲ. ಹಳೆಯ ವಿದ್ಯಾರ್ಥಿಗಳು ಸಾಲುಗಟ್ಟಿ ಸಹಿ ಹಾಕಿಸಿಕೊಂಡರು.

ಏನಾಯಿತು

ಒಂದೊಂದು ಬಗೆಗೂ ಒಂದೊಂದು ದಾರಿ ಬೇಕಾಯಿತು. ಮನೆಯ ಕಾದಂಬರಿಗಳನ್ನು ಅಚ್ಚು ಹಾಕಿದಾಗ ನಿಧಾನಕ್ಕೆ ಹೋದವು, ಆದರೆ ಕಥೆಗಳ ಆ್ಯಪ್‌ನಲ್ಲಿ ಕಂತು ಕಂತಾಗಿ ಹಾಕಿದಾಗ ಎಲ್ಲಕ್ಕಿಂತ ಹೆಚ್ಚು ಓದುಗರು ಸಿಕ್ಕಿದ್ದು ಅವಕ್ಕೇ. ಕಂತು ಎಲ್ಲಿ ನಿಲ್ಲಿಸಬೇಕು ಅನ್ನುವುದು ವಾರಪತ್ರಿಕೆಗೆ ಬರೆದ ಕೈಗೆ ಗೊತ್ತಿರುತ್ತದೆ, ಅದನ್ನು ಹೊಸಬರಿಗೆ ಕಲಿಸುವುದು ಕಷ್ಟ. ಪತ್ತೇದಾರಿ, ದೆವ್ವದ ಕಥೆಗಳು ಆಡಿಯೊಗೆ ಹೇಳಿಮಾಡಿಸಿದ ಹಾಗಿದ್ದವು, ಅಚ್ಚಿನಲ್ಲಿ ಕಡಿಮೆ ಪ್ರತಿ ಹಾಕಿ ಬೇಕಾದ ಹಾಗೆ ಮತ್ತೆ ಹಾಕುತ್ತಿದ್ದೇವೆ. ಮಕ್ಕಳ ಕಥೆಗಳು ಅಷ್ಟಕ್ಕಷ್ಟೆ, ಚಿತ್ರ ಬರೆಸುವ ಖರ್ಚು ಹೊಂದಿಸಲು ಆಗಲಿಲ್ಲ.

ಎಲ್ಲರಿಗೂ ಅಚ್ಚರಿ ಕೊಟ್ಟದ್ದು ಟ್ರಂಕಿನಲ್ಲಿದ್ದ ಒಂದು ಐತಿಹಾಸಿಕ ಕಾದಂಬರಿ. ಸಿರಾದ್ದು. ಬಿಜಾಪುರದವರ ಕಾಲದ ಅಧಿಕಾರಿ ಮಲಿಕ್ ರೆಹಾನ್, 1687ರಲ್ಲಿ ಮೊಗಲರು ಬಂದು ಸಿರಾವನ್ನು ಪ್ರಾಂತ್ಯದ ರಾಜಧಾನಿ ಮಾಡಿಕೊಂಡದ್ದು, ಆಮೇಲೆ ಹೈದರ್. ಇದನ್ನೆಲ್ಲ ಕೋಟೆಯ ಕೆಳಗೆ ಬಾಳುವ ಒಂದು ನೇಕಾರರ ಮನೆಯ ಮೂಲಕ ಹೇಳಿದ್ದಾರೆ. ರಜೆಯಲ್ಲಿ ಸಿರಾಕ್ಕೆ ಹೋಗಿ ಮಲಿಕ್ ರೆಹಾನ್ ಸಮಾಧಿಯ ಕಲ್ಲುಗಳನ್ನು ಮುಟ್ಟಿ ನೋಡಿ ಬರೆದದ್ದು. ಯಾರೂ ಕೇಳದೆ ಬರೆದ ಅವರ ಒಂದೇ ಕಾದಂಬರಿ ಇದು. ಆ ಕಾಲದಲ್ಲಿ ತೋರಿಸಿದವರೆಲ್ಲ, ನೀವು ಮನೆ ಕಾದಂಬರಿಯವರು, ಇದು ನಿಮ್ಮ ಓದುಗರಿಗೆ ಬೇಡ ಅಂತ ವಾಪಸ್ಸು ಕೊಟ್ಟಿದ್ದರು. ಈಗ ಮೊದಲ ಸಲ ಅಚ್ಚಾಯಿತು. ಇದಕ್ಕೆ ಒಂದು ಲೆಕ್ಕಾಚಾರವೂ ಕೂಡಿಬಂತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪ್ರಥಮ ಮುದ್ರಣದ ಪುಸ್ತಕಗಳನ್ನೇ ಪರಿಗಣಿಸುವುದು, ಮರುಮುದ್ರಣಕ್ಕೆ ಆ ಬಾಗಿಲು ಇಲ್ಲ. ಹಾಗಾಗಿ ಹಳೆಯ ಕಾದಂಬರಿಗಳ ಖರ್ಚನ್ನು ಓದುಗರಿಂದಲೇ ಹುಟ್ಟಿಸಬೇಕಿತ್ತು, ಈ ಒಂದನ್ನು ಮಾತ್ರ ಧೈರ್ಯವಾಗಿ ಜಾಸ್ತಿ ಪ್ರತಿ ಹಾಕಿದೆವು.

ಹೊಸ ಒಪ್ಪಂದಗಳಲ್ಲಿ ಮೇಡಂ ಈಗ ತಾವೇ ನಾಲ್ಕು ವಿಷಯ ಹುಡುಕಿ ಓದುತ್ತಾರೆ: ಎಷ್ಟು ವರ್ಷ, ಯಾವ ರೂಪ, ಯಾವ ಭಾಷೆ, ಯಾವ ಪ್ರದೇಶಕ್ಕೆ. ಅಚ್ಚು, ಇ-ಪುಸ್ತಕ, ಆಡಿಯೊ, ಸಿನಿಮಾ, ಅನುವಾದ, ಒಂದೊಂದೂ ಬೇರೆ ಬೇರೆ ಸಾಲಿನಲ್ಲಿ ಇರಬೇಕು. "ಎಲ್ಲ ಹಕ್ಕುಗಳೂ" ಅನ್ನುವ ಪದ ಕಂಡರೆ ಹೊಡೆದುಹಾಕಿ ವಾಪಸ್ಸು ಕಳಿಸುತ್ತಾರೆ. ಒಬ್ಬರು ಹಾಗೆ ಕಳಿಸಿದ್ದಕ್ಕೆ ಒಪ್ಪಂದವನ್ನೇ ಕೈಬಿಟ್ಟರು. ಹೋಗಲಿ ಬಿಡಿ ಅಂದರು ಮೇಡಂ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಅನ್ನು ನಾವೇ ಅರ್ಜಿ ಹಾಕಿ ಪಡೆದೆವು, ಅದಕ್ಕೆ ಶುಲ್ಕ ಇಲ್ಲ. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ, ಒಂದು ಕೃತಿಗೆ 500 ರೂಪಾಯಿ ಆಗುತ್ತದೆ. ನೂರಕ್ಕೂ ಮಾಡಿಸುವ ಬದಲು, ತಗಾದೆ ಬರಬಹುದು ಅನ್ನಿಸಿದ ಕೆಲವಕ್ಕೆ ಮಾತ್ರ ಮಾಡಿಸಿದೆವು.

ಬರವಣಿಗೆಯ ವಿಷಯಕ್ಕೆ ಬಂದರೆ, ನೋಟ್‌ಬುಕ್ಕಿನ ವರ್ಷದ ಕಾಲಂ ನೋಡಿ ಮೇಡಂ ಒಂದು ಸಂಗತಿ ಗಮನಿಸಿದರು. ಅವರು ಅತಿ ಹೆಚ್ಚು ಬರೆದ ವರ್ಷಗಳಲ್ಲೇ ಎರಡು ಮೂರು ಬಗೆ ಒಟ್ಟಿಗೆ ನಡೆದಿವೆ. ಒಂದೇ ಬಗೆಗೆ ಅಂಟಿಕೊಂಡ ವರ್ಷಗಳಲ್ಲಿ ಬರಹ ಕಡಿಮೆ, ಅವರ ಪ್ರಕಾರ ಚೆನ್ನಾಗಿಯೂ ಇಲ್ಲ. ಒಂದು ಬಗೆಯಲ್ಲಿ ಕೈ ನಿಂತಾಗ ಇನ್ನೊಂದಕ್ಕೆ ಹೋಗುತ್ತಿದ್ದರು, ಮನೆಯ ಕಾದಂಬರಿಯಲ್ಲಿ ಹೇಳಲಾಗದ ಸಿಟ್ಟನ್ನು ಪತ್ತೇದಾರಿಯಲ್ಲಿ ಹೇಳುತ್ತಿದ್ದರು. ನೀವು ಯಾವುದಾದರೂ ಒಂದನ್ನು ಹಿಡಿದುಕೊಂಡು ಗಟ್ಟಿಯಾಗಿ ಮಾಡಬೇಕಿತ್ತು ಅಂತ ಅವರಿಗೆ ಬುದ್ಧಿ ಹೇಳಿದವರು ಬಹಳ. ಆ ಮಾತು ಈ ಲೇಖಕಿಯ ಮಟ್ಟಿಗೆ ತಪ್ಪು ಅಂತ ಪಟ್ಟಿಯೇ ತೋರಿಸುತ್ತದೆ. ಈಗ ಅವರು ಮತ್ತೆ ಎರಡನ್ನು ಒಟ್ಟಿಗೆ ಬರೆಯುತ್ತಿದ್ದಾರೆ. ಒಂದು ಪತ್ತೇದಾರಿ, ಹಳೆಯ ಪತ್ತೇದಾರನಿಗೆ ವಯಸ್ಸಾಗಿದೆ, ಮಂಡಿ ನೋವು. ಇನ್ನೊಂದು, ನಿವೃತ್ತ ಮೇಡಂ ಒಬ್ಬರ ಮನೆಯ ಕಥೆ. ಮೊದಲಿನ ಹಾಗೆ ಯಾರ ಗಡುವಿಗೂ ಬರೆಯುವುದಿಲ್ಲ ಅಂತ ಹೇಳಿಬಿಟ್ಟಿದ್ದಾರೆ.

ಆ ಮೂವರು ವಾರಸುದಾರರ ವಿಷಯ ಇನ್ನೂ ಮುಗಿದಿಲ್ಲ. ಇಬ್ಬರು ಸಹಿ ಹಾಕಿದ್ದಾರೆ. ಮೂರನೆಯವರು ಪರದೇಶದಲ್ಲಿದ್ದಾರೆ, ಊರಿಗೆ ಬಂದಾಗ ನೋಡೋಣ ಅಂದಿದ್ದಾರೆ. ಅವರ ಹತ್ತಿರ ಇರುವ ಕಾದಂಬರಿಗಳನ್ನು ಟೈಪ್ ಮಾಡಿ, ಮೇಡಂ ಕೈಯಲ್ಲಿ ಎರಡು ಸಲ ಪ್ರೂಫ್ ನೋಡಿಸಿ ಇಟ್ಟಿದ್ದೇವೆ. ಸಹಿ ಬಂದ ವಾರವೇ ಅಚ್ಚಿಗೆ ಕಳಿಸಬಹುದು.